ಡ್ರಮ್ಮಿನೊಳಗಿನ ಕಲ್ಲು

ಎಂಟನೇ ದಿನ ಬಂತೆಂದರೆ ಆ ಹಳ್ಳಿಯ ಕಡೆ ಹೆಜ್ಜೆ ಇಡಲು ನನಗೆ ಕಾಲೇ ಬರುತ್ತಿರಲಿಲ್ಲ. ಹೆರಿಗೆಯ ದಿನ ಮಗು ಚೆನ್ನಾಗಿರುತ್ತಿತ್ತು. ಮೂರನೇ ದಿನವೂ ಚೆನ್ನಾಗಿರುತ್ತಿತ್ತು. ಐದನೇ ದಿನ ಹೋದರೆ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿರುತ್ತಿದ್ದರು, ಅದು ಊರಿಗೆಲ್ಲ ಕೇಳುವ ಹಾಗೆ ಕಿರುಚುತ್ತಿರುತ್ತಿತ್ತು. ಏಳಕ್ಕೋ ಎಂಟಕ್ಕೋ ಮೊಲೆ ಹಿಡಿಯುವುದನ್ನು ಬಿಟ್ಟುಬಿಡುತ್ತಿತ್ತು. ದವಡೆ ಕಚ್ಚಿಕೊಂಡು, ಮುಖ ನಕ್ಕ ಹಾಗೆ ಸೊಟ್ಟಗಾಗಿ, ಯಾರಾದರೂ ಚೊಂಬು ಕೆಳಗಿಟ್ಟ ಸದ್ದಿಗೂ ಮೈ ಹಿಂದಕ್ಕೆ ಬಾಗಿ ಸೆಟೆಯುತ್ತಿತ್ತು. ಊರಿನವರು ಅದನ್ನು ಬಾಲಗ್ರಹ ಎನ್ನುತ್ತಿದ್ದರು. ನಮ್ಮ ಡಾಕ್ಟರು ಧನುರ್ವಾಯು ಎನ್ನುತ್ತಿದ್ದರು. ಎರಡು ದಿನದಲ್ಲಿ ಮಗು ಹೋಗಿಬಿಡುತ್ತಿತ್ತು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಕಾಮಸಮುದ್ರದ ಕಡೆಯ ಹಳ್ಳಿಗಳಿಗೆ ಸರ್ಕಾರಿ ಮಿಡ್‌ವೈಫ್. ಈ ಹಳ್ಳಿ ಇದ್ದದ್ದು ಬಸ್ಸಿಳಿದು ಮೂರು ಮೈಲಿ ನಡೆಯುವ ದೂರದಲ್ಲಿ. ಗಾಳಿ ಇತ್ತ ಬೀಸಿದರೆ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಪಾಳಿಯ ಸೈರನ್ನು ಸಣ್ಣಗೆ ಕೇಳಿಸುತ್ತಿತ್ತು. ಮನೆಗೊಬ್ಬರಂತೆ ಗಂಡಸರು ಸೈಕಲ್ ತುಳಿದುಕೊಂಡು ಗಣಿಯೊಳಗಿನ ಕೆಲಸಕ್ಕೆ ಹೋಗುತ್ತಿದ್ದರು. ಹೆಂಗಸರು ಹೊಲ, ದನ, ಕೂಲಿ ನೋಡಿಕೊಳ್ಳುತ್ತಿದ್ದರು.

ನಾನು ಹೋದ ನಾಲ್ಕೇ ತಿಂಗಳಲ್ಲಿ ಆ ಊರಿನಲ್ಲಿ ಎರಡು ಮಕ್ಕಳು ಹಾಗೆ ಹೋದವು. ಎರಡನ್ನೂ ಹಿಡಿದದ್ದು ನನ್ನ ಕೈ. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಯಾಕೆಂದರೆ ನಾನು ಏನನ್ನೂ ಬಿಟ್ಟಿರಲಿಲ್ಲ. ಕತ್ತರಿಯನ್ನು ಅವರ ಒಲೆಯ ಮೇಲೇ, ನನ್ನ ಕಣ್ಣೆದುರಿಗೇ, ಕುದಿ ಬಂದ ಮೇಲೆ ಇಪ್ಪತ್ತು ನಿಮಿಷ ಬಿಡುತ್ತಿದ್ದೆ. ಮೊಳಕೈವರೆಗೆ ಕಾರ್ಬಾಲಿಕ್ ಸೋಪು ಹಾಕಿ ಉಜ್ಜಿಕೊಳ್ಳುತ್ತಿದ್ದೆ. ಹೊಕ್ಕುಳಬಳ್ಳಿಯ ಬಡಿತ ನಿಂತ ಮೇಲೆ ಎರಡು ಕಡೆ ದಾರ ಕಟ್ಟಿ, ನಡುವೆ ಕತ್ತರಿಸಿ, ಸ್ಪಿರಿಟ್ ಒರೆಸಿ, ಆವಿಯಲ್ಲಿ ಶುದ್ಧ ಮಾಡಿದ ಬಟ್ಟೆ ಇಟ್ಟು ಪಟ್ಟಿ ಸುತ್ತುತ್ತಿದ್ದೆ. ಆ ದಾರ, ಬಟ್ಟೆ, ಹತ್ತಿ ಎಲ್ಲ ಒಂದು ದುಂಡನೆಯ ಲೋಹದ ಡ್ರಮ್ಮಿನಲ್ಲಿ ಇರುತ್ತಿದ್ದವು. ಅದರ ಸುತ್ತ ಸಣ್ಣ ತೂತುಗಳು, ತೂತಿನ ಮೇಲೊಂದು ಜಾರುವ ಪಟ್ಟಿ. ವಾರಕ್ಕೊಮ್ಮೆ ಬಂಗಾರಪೇಟೆಯ ಆಸ್ಪತ್ರೆಗೆ ಒಯ್ದು, ಪಟ್ಟಿ ಸರಿಸಿ ತೂತು ತೆರೆದು ಆಟೋಕ್ಲೇವಿನೊಳಗಿಟ್ಟರೆ ಒತ್ತಡದ ಆವಿ ಒಳಗೆ ನುಗ್ಗುತ್ತದೆ. ಹೊರಗೆ ತೆಗೆದ ಕೂಡಲೇ ಪಟ್ಟಿ ಮುಚ್ಚಿಬಿಟ್ಟರೆ ಒಳಗಿರುವುದು ಮುಂದಿನ ಹೆರಿಗೆಯವರೆಗೆ ಶುದ್ಧ.

ಅಕ್ಕಪಕ್ಕದ ಹಳ್ಳಿಗಳಲ್ಲಿ ಅದೇ ಕತ್ತರಿ, ಅದೇ ಡ್ರಮ್ಮು, ಅದೇ ನಾನು. ಅಲ್ಲಿಯ ಮಕ್ಕಳು ಗುಂಡುಕಲ್ಲಿನ ಹಾಗಿದ್ದವು. ಈ ಊರಿಗೇನು ಬಡಿದಿತ್ತು?

ಕೇಳಿದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ನಾನು ಮನೆಮನೆಗೆ ಹೋಗಿ ಜಗಲಿಯ ಮೇಲೆ ಕೂತು, ತೊಡೆಯ ಮೇಲೆ ರಿಜಿಸ್ಟರ್ ಬಿಡಿಸಿಕೊಂಡು, ಪೆನ್ನಿನ ಮುಚ್ಚಳ ತೆಗೆದು ಕೇಳುತ್ತಿದ್ದೆ. ಹೊಕ್ಕುಳಿಗೆ ಏನಾದರೂ ಹಚ್ಚಿದಿರಾ? ಬೂದಿ? ಸಗಣಿ? "ಇಲ್ಲಮ್ಮೋ, ನೀನು ಕಟ್ಟಿದ್ದು ಕಟ್ಟಿದಂಗೇ ಐತೆ" ಎನ್ನುತ್ತಿದ್ದರು. ನಾನು ಕೇಳಿದ್ದೇನು, ಅವರು ನೋಡುತ್ತಿದ್ದದ್ದೇನು! ಎಲ್ಲರ ಕಣ್ಣೂ ಆ ರಿಜಿಸ್ಟರಿನ ಮೇಲೆ. ಅದು ಆಗ ನನಗೆ ಹೊಳೆಯಲೇ ಇಲ್ಲ, ಅಷ್ಟು ದಡ್ಡಿ ನಾನು.

ಡಾಕ್ಟರು ನನ್ನನ್ನು ನಿಲ್ಲಿಸಿಕೊಂಡೇ ಮಾತಾಡಿದರು. "ಸಿಸ್ಟರ್, ಒಂದೇ ಊರಿನಲ್ಲಿ ಎರಡು ಟೆಟನಸ್ ಕೇಸ್. ಇದು ಆಕಸ್ಮಿಕ ಅಲ್ಲ. ಒಂದೋ ನಿಮ್ಮ ವಿಧಾನ ಸರಿಯಿಲ್ಲ, ಇಲ್ಲ ನೀವು ಏನನ್ನೋ ನೋಡ್ತಾ ಇಲ್ಲ. ಷರಾ ಕಾಲಮ್ಮಿನಲ್ಲಿ ಕಾರಣ ಬರೆದು ತನ್ನಿ."

ಷರಾ ಕಾಲಮ್ಮು ಖಾಲಿಯಾಗಿಯೇ ಉಳಿಯಿತು. ಏನೆಂದು ಬರೆಯಲಿ, ನನ್ನ ತಲೆ?

ಆ ಊರಿನಲ್ಲಿ ಒಬ್ಬ ಬಸುರಿಯಿದ್ದಳು. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು, ಕಡ್ಡಿಯಂಥ ಮೈ, ಏಳು ತಿಂಗಳ ಹೊಟ್ಟೆ. ನಾನು ಬರುವ ಮೊದಲೇ ಅವಳ ಎರಡು ಮಕ್ಕಳು ಎಂಟನೇ ದಿನಕ್ಕೆ ಹೋಗಿದ್ದವು. ಹನ್ನೊಂದನೇ ದಿನದ ಮೊದಲು ಹೆಸರಿಡುವ ಪದ್ಧತಿ ಇಲ್ಲದ್ದರಿಂದ ಆ ಎರಡಕ್ಕೂ ಹೆಸರಿರಲಿಲ್ಲ. ಅವಳ ಹೊಟ್ಟೆಗೆ ಮರದ ಕೊಳವೆ ಇಟ್ಟು ಮಗುವಿನ ಎದೆಬಡಿತ ಕೇಳುತ್ತಿದ್ದಾಗ ಅವಳು ಮೆಲ್ಲಗೆ ಕೇಳಿದಳು.

"ಇದೂ ಓಗ್ಬಿಡ್ತದಾ ನರ್ಸಮ್ಮ?"

"ಬಿಡ್ತು ಅನ್ನು! ನಾನಿಲ್ವಾ?" ಎಂದೆ. ಕೋಲಾರದ ದೊಡ್ಡಾಸ್ಪತ್ರೆಗೆ ಹೋಗಿಬಿಡೋಣ, ನಾನೇ ಜೊತೆಗೆ ಬರುತ್ತೇನೆ ಎಂದೆ. ಅವಳು ಬಾಯಿ ತೆರೆಯುವುದರೊಳಗೆ ಒಳಗಿಂದ ಅತ್ತೆ ಹೇಳಿದಳು.

"ನಮ್ಮನೆ ಮಕ್ಕಳು ಈ ಊರು ಬಿಟ್ಟು ಉಟ್ಟಂಗಿಲ್ಲಮ್ಮ. ಆ ಮಾತು ಬುಡು."

ಯಾಕೆ ಎಂದರೆ ಒಲೆ ಊದತೊಡಗಿದಳು. ಗೋಡೆಗೆ ಹೇಳಿದ ಹಾಗಾಯಿತು.

ಅದೇ ತಿಂಗಳು ಊರ ಕೊನೆಯ ಮನೆಯಲ್ಲಿ ಇನ್ನೊಂದು ಹೆರಿಗೆ. ಬೆಳಿಗ್ಗೆ ಹತ್ತಕ್ಕೆ ಗಂಡುಮಗು, ಸಲೀಸಾಗಿ. ಊರಿನ ಸೂಲಗಿತ್ತಿಯೂ ಪಕ್ಕದಲ್ಲೇ ಇದ್ದಳು. ಆ ಕಡೆಯವರು ಅವಳನ್ನು ತೆಲುಗಿನಲ್ಲಿ ಮಂತ್ರಸಾನಿ ಅನ್ನುತ್ತಿದ್ದರು. ಎಪ್ಪತ್ತು ದಾಟಿದ, ಒಂದೇ ಹಲ್ಲಿನ, ಮಾತಿಗೆ ಮುಂಚೆ ನಗುವ ಮುದುಕಿ. ನಾನು ಬಂದ ಮೇಲೆ ಅವಳು ತಾನಾಗಿಯೇ ಪಕ್ಕಕ್ಕೆ ಸರಿದು, ಬೆನ್ನು ನೀವುವುದು, ಬಿಸಿನೀರು ಕೊಡುವುದು ಮಾಡಿಕೊಂಡಿದ್ದಳು. ಇಷ್ಟು ಸುಲಭವಾಗಿ ಜಾಗ ಬಿಟ್ಟುಕೊಟ್ಟಳಲ್ಲಾ ಎಂದು ನಾನು ಹಿಗ್ಗಿದ್ದೆ. ಎಲ್ಲ ಮುಗಿಸಿ, ಪಟ್ಟಿ ಸುತ್ತಿ, ಹೊರಟೆ. ಊರಾಚೆಯ ಹುಣಸೆಮರದವರೆಗೆ ಬಂದ ಮೇಲೆ ಮಗು ತೂಗುವ ಸ್ಪ್ರಿಂಗು ತಕ್ಕಡಿ ಅಲ್ಲೇ ಬಿಟ್ಟದ್ದು ನೆನಪಾಯಿತು. ನನ್ನನ್ನೇ ಬೈದುಕೊಂಡು ಹಿಂದಕ್ಕೆ ಹೋದೆ.

ಬಾಗಿಲು ತಳ್ಳಿದರೆ, ಮಂತ್ರಸಾನಿ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದಾಳೆ. ನಾನು ಸುತ್ತಿದ ಪಟ್ಟಿ ಬಿಚ್ಚಿ ಪಕ್ಕದಲ್ಲಿ ಅಚ್ಚುಕಟ್ಟಾಗಿ ಮಡಿಸಿಟ್ಟಿದೆ. ಮುಂದೆ ಒಂದು ಬಿಳಿಯ ಕಲ್ಲು. ಅದರ ಮೇಲೆ ಹರಳೆಣ್ಣೆ ಬಿಟ್ಟು ಅರಿಶಿನದ ಕೊಂಬು ತೇಯುತ್ತಿದ್ದಾಳೆ. ತೇಯ್ದದ್ದನ್ನು ಬೆರಳಲ್ಲಿ ಬಳಿದು ಆಗತಾನೆ ಕತ್ತರಿಸಿದ ಹೊಕ್ಕುಳಿಗೆ ಹಚ್ಚುತ್ತಿದ್ದಾಳೆ.

ಕೋಣೆಯಲ್ಲಿದ್ದ ಐದು ಜನ ಹೆಂಗಸರಲ್ಲಿ ಒಬ್ಬಳು ಚಂಗನೆ ಬಂದು ಆ ಕಲ್ಲಿನ ಮೇಲೇ ಕುಳಿತುಬಿಟ್ಟಳು, ಮೊಟ್ಟೆಗೆ ಕಾವು ಕೂರುವ ಕೋಳಿಯ ಹಾಗೆ.

"ಏಳು ಮೇಲಕ್ಕೆ!" ಎಂದು ಕೂಗಿದೆ. ಏಳಲಿಲ್ಲ. ರಟ್ಟೆ ಹಿಡಿದು ಎಬ್ಬಿಸಿದೆ. ಕಲ್ಲು ಅಂಗೈಗಿಂತ ಸ್ವಲ್ಪ ದೊಡ್ಡದು, ಅದರ ಗಾತ್ರಕ್ಕೆ ಮೀರಿದ ಭಾರ. ಬೆಣಚುಕಲ್ಲಿನ ನಡುವೆ ನೀಲಿ ಗೆರೆ, ಗೆರೆಯ ಉದ್ದಕ್ಕೂ ಹಳದಿ ಮಿನುಗು. ಬಿರುಕಿನಲ್ಲಿ ಕಪ್ಪು ಮಣ್ಣು ಮೆತ್ತಿಕೊಂಡಿತ್ತು. ಮೂಸಿದೆ. ದನದ ಕೊಟ್ಟಿಗೆಯ ವಾಸನೆ.

ನನಗೆ ಎಲ್ಲವೂ ಒಂದೇ ಕ್ಷಣದಲ್ಲಿ ತಿಳಿದುಹೋಯಿತು. ಗಣಿಯ ಅದಿರನ್ನು ಮನೆಯಲ್ಲಿಟ್ಟುಕೊಂಡರೆ ಕೆಲಸವೂ ಹೋಗುತ್ತದೆ, ಜೈಲೂ ಆಗುತ್ತದೆ. ಅದಕ್ಕೇ ಕೊಟ್ಟಿಗೆಯ ಗೊಬ್ಬರದ ಮಣ್ಣಿನಲ್ಲಿ ಹೂತಿಡುತ್ತಾರೆ. ಹೆರಿಗೆಯಾದ ಮನೆಗೆ ಅಗೆದು ತರುತ್ತಾರೆ. ನಾನು ಅತ್ತ ಹೋದ ಮೇಲೆ ಇತ್ತ ಇದು. ಧನುರ್ವಾಯುವಿನ ಬೀಜ ಇರುವುದೇ ದನದ ಗೊಬ್ಬರದಲ್ಲಿ. ಸರ್ಕಾರ ಕೊಟ್ಟ ಸ್ಪಿರಿಟ್ಟು, ಡ್ರಮ್ಮು, ನಾನು ಉಜ್ಜಿ ಉಜ್ಜಿ ಸಿಪ್ಪೆ ಎದ್ದ ನನ್ನ ಕೈ ಎಲ್ಲ ದಂಡ.

ಆಗ ನಾನು ಮಾಡಿದ ತಪ್ಪನ್ನು ಇಲ್ಲಿ ಬರೆಯಲೇಬೇಕು. ಸಿಟ್ಟು ನೆತ್ತಿಗೇರಿ, "ಈ ಕಲ್ಲು, ಈ ಅರಿಶಿನವೇ ಮಕ್ಕಳನ್ನ ಕೊಂದಿದ್ದು! ಇರಿ, ಡಾಕ್ಟರಿಗೆ ಹೇಳ್ತೀನಿ, ಪೊಲೀಸರನ್ನೇ ಕರ್ಕೊಂಡು ಬರ್ತೀನಿ" ಎಂದು ಅರಚಿದೆ. ಕಲ್ಲನ್ನು ಎತ್ತಿಕೊಂಡು ಹೊರಡಲು ನೋಡಿದೆ. ಐದೂ ಜನ ಬಾಗಿಲಿಗೆ ಅಡ್ಡ ನಿಂತು ಕಿತ್ತುಕೊಂಡರು. ನನ್ನ ಬಳೆ ಒಡೆಯಿತು. ಮಂತ್ರಸಾನಿ ಮಾತ್ರ ಕೂತಲ್ಲಿಂದ ಅಲುಗದೆ, ನಾನು ಸುತ್ತಿದ್ದಂತೆಯೇ ಆ ಪಟ್ಟಿಯನ್ನು ಮತ್ತೆ ಸುತ್ತುತ್ತಿದ್ದಳು. ಗಂಟು ಕೂಡ ನನ್ನದೇ, ಎಡಕ್ಕೆ ಬರುವಂತೆ. ಅಷ್ಟು ದಿನದಿಂದ ಅವಳು ನನ್ನ ಪಕ್ಕದಲ್ಲಿ ಕೂತು ಕಲಿತದ್ದು ಅದನ್ನೇ!

ಮಾರನೇ ದಿನ ಆ ಮಗುವಿಗೆ ಧನುರ್ವಾಯು ತಡೆಯುವ ಸೀರಂ ಚುಚ್ಚುಮದ್ದು ಕೊಡಿಸೋಣವೆಂದು ಹೋದೆ. ಬಾಗಿಲು ಹಾಕಿತ್ತು. ಪಕ್ಕದ ಮನೆಯದೂ ಹಾಕಿತ್ತು. ಊರೊಳಗೆಲ್ಲ ಓಡಾಡಿದೆ, ನನ್ನನ್ನು ಕಂಡ ಹೆಂಗಸರು ಬಿಂದಿಗೆ ಎತ್ತಿಕೊಂಡು ಒಳಗೆ ಹೋದರು. ಐದು ದಿನ ಐದು ಸಲ ಹೋಗಿ ಬಂದೆ. ಎಂಟನೇ ದಿನ ಆ ಮಗುವೂ ಹೋಯಿತು. ನನಗೆ ಹೇಳಿ ಕಳಿಸಿದವರು ಯಾರೂ ಇಲ್ಲ. ಬಸ್ಸಿನಲ್ಲಿ ಯಾರೋ ಮಾತಾಡಿಕೊಳ್ಳುವುದು ಕಿವಿಗೆ ಬಿತ್ತು. ಬಾಯಿ ಮುಚ್ಚಿಕೊಂಡು, ಕೈ ಹಿಡಿದು ಕೇಳಿದ್ದರೆ ಆ ಮಗು ಉಳಿಯುತ್ತಿತ್ತೋ ಏನೋ.

ಹತ್ತು ದಿನ ಕಳೆದ ಮೇಲೆ, ಮಧ್ಯಾಹ್ನದ ಬಿಸಿಲಿನಲ್ಲಿ, ಆ ಬಸುರಿ ಕಾಮಸಮುದ್ರದ ನನ್ನ ಬಾಡಿಗೆ ಕೋಣೆಗೆ ಬಂದಳು. ಮೂರು ಮೈಲಿ ನಡೆದು, ಬಸ್ಸು ಹತ್ತಿ, ಎಂಟೂವರೆ ತಿಂಗಳ ಹೊಟ್ಟೆ ಹೊತ್ತು. ನಾನು ನೀರು ಕೊಟ್ಟೆ. ಕುಡಿದು, ಲೋಟ ಕೆಳಗಿಟ್ಟು, ಕಣ್ಣೀರು ಹಾಕದೆ ಹೇಳಿದಳು.

"ಆ ಕಲ್ಲು ನಮ್ಮ ಮಾವನ ಅಪ್ಪ ತಂದಿದ್ದು ನರ್ಸಮ್ಮ. ಕದ್ದು ಮಾರಕ್ಕಲ್ಲ. ಅವ್ರ ಜೊತೆಗಾರರು ನಾಕು ಜನ ಒಳಗೆ ಬಂಡೆ ಸಿಡಿದು ಸತ್ತೋದ್ರಂತೆ. ಆಗ ತಂದ್ರಂತೆ. ಉಟ್ಟಿದ ಮಗೀನ ಒಕ್ಕಳು ಆ ಕಲ್ಗೆ ಮುಟ್ಟಿಸಿದ್ರೆ, ಇದು ನಿನ್ನ ಮಗ ಅಂತ ಮೈನ್‌ಗೆ ಗೊತ್ತಾಗ್ತದಂತೆ. ಆಮೇಲೆ ಅದರಪ್ಪನ್ನ ಮುಟ್ಟಕ್ಕಿಲ್ಲ. ಅವತ್ನಿಂದ ನಮ್ಮೂರ ಗಂಡಸ್ರು ಒಬ್ರೂ ಒಳಗೆ ಸತ್ತಿಲ್ಲ."

ನಾನು ಬಾಯಿ ತೆರೆದೆ. ಅವಳು ಬಿಡಲಿಲ್ಲ.

"ನೀವು ಏನ್ ಏಳ್ತೀರಿ ಅಂತ ಗೊತ್ತು. ಕಲ್ಲು ಮುಟ್ಟಿಸಿದ್ರೆ ಮಗ ಓಗ್ತದೆ. ನಂಗೂ ಅಂಗೇ ಅನ್ಸ್ತದೆ, ಎರಡು ಓದ್ವಲ್ಲ. ಮುಟ್ಟಿಸ್ದಿದ್ರೆ ನಮ್ಮೆಜಮಾನ್ರು ಓಗ್ತಾರೆ. ಅವ್ರು ದಿನಾ ಅಷ್ಟು ಆಳಕ್ಕಿಳಿತಾರೆ. ನಾನು ಯಾರನ್ನ ಬುಡ್ಲಿ, ನೀವೇ ಏಳಿ."

ಅದೆಲ್ಲ ಸುಳ್ಳು ಎಂದು ಹೇಳುವುದು ಬಹಳ ಸುಲಭವಾಗಿತ್ತು. ಹೇಳಿದ್ದರೆ ಅವಳು ತಲೆಯಾಡಿಸಿ, ಬಸ್ಸು ಹತ್ತಿ ಹೋಗಿ, ನನ್ನ ಬೆನ್ನ ಹಿಂದೆ ಕಲ್ಲು ಮುಟ್ಟಿಸುತ್ತಿದ್ದಳು. ಡಾಕ್ಟರಿಗೆ ಬರೆದುಕೊಟ್ಟರೆ ಕಲ್ಲು ಹೋಗುತ್ತದೆ, ಜೊತೆಗೆ ಒಂದಿಬ್ಬರು ಗಂಡಸರೂ ಜೈಲಿಗೆ ಹೋಗುತ್ತಾರೆ. ಆ ಊರಿನ ಬಾಗಿಲು ನನಗೆ ಇನ್ನು ತೆರೆಯುವುದಿಲ್ಲ. ಗಂಡಸರು ಇನ್ನೊಂದು ಕಲ್ಲು ತರುತ್ತಾರೆ, ಅದೂ ಕೊಟ್ಟಿಗೆಗೇ ಹೋಗುತ್ತದೆ.

ಮಾರನೇ ದಿನ ಬಂಗಾರಪೇಟೆಯಲ್ಲಿ ಡಾಕ್ಟರನ್ನು ಸುತ್ತುಬಳಸಿ ಕೇಳಿದೆ. "ಸಾರ್, ಮಣ್ಣಲ್ಲಿದ್ದ ಸಾಮಾನನ್ನು ಕುದಿಸಿದರೆ ಧನುರ್ವಾಯುವಿನ ಬೀಜ ಸಾಯುತ್ತಾ?"

"ಸಾಯಲ್ಲ. ಅದು ಗಟ್ಟಿ ಪಿಂಡ. ಒತ್ತಡದ ಆವಿಯೇ ಆಗಬೇಕು. ಯಾಕೆ?"

"ಸುಮ್ಮನೆ ಸಾರ್."

ದಾರಿಯುದ್ದಕ್ಕೂ ಯೋಚಿಸಿದೆ. ಒತ್ತಡದ ಆವಿ ಇದ್ದದ್ದು ಬಂಗಾರಪೇಟೆಯಲ್ಲಿ. ಕಲ್ಲು ಇದ್ದದ್ದು ಆ ಊರಿನ ಕೊಟ್ಟಿಗೆಯಲ್ಲಿ. ನಡುವೆ ಬಸ್ಸು, ಮತ್ತು ನಾನು. ಸಿಕ್ಕಿಬಿದ್ದರೆ ಕೆಲಸವೂ ಹೋಗುತ್ತದೆ, ಮಾನವೂ ಹೋಗುತ್ತದೆ. ಆದರೂ ಇಳಿಯುವ ಹೊತ್ತಿಗೆ ನಿರ್ಧಾರವಾಗಿಬಿಟ್ಟಿತ್ತು.

ನೇರ ಮಂತ್ರಸಾನಿಯ ಗುಡಿಸಲಿಗೆ ಹೋದೆ. ಅವಳು ಒಬ್ಬಳೇ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ನಾನೂ ಕೂತು ಸುಲಿಯತೊಡಗಿದೆ. ಒಂದು ಹಿಡಿ ಸುಲಿದ ಮೇಲೆ ಹೇಳಿದೆ. "ಅಜ್ಜಿ, ಆ ಹುಡುಗಿಯ ಹೆರಿಗೆಯವರೆಗೆ ಆ ಕಲ್ಲನ್ನು ನನಗೆ ಕೊಡು. ಶುದ್ಧ ಮಾಡಿ ತಂದುಕೊಡ್ತೀನಿ. ಬಳ್ಳಿಯನ್ನು ಅದರ ಮೇಲೇ ಇಟ್ಟು ಕತ್ತರಿಸೋಣ."

ಮುದುಕಿ ಗಹಗಹಿಸಿ ನಕ್ಕಳು. "ಪೊಲೀಸ್ನೋರ್ಗೆ ಕೊಡ್ತೀನಿ ಅಂದೋಳು ನೀನೇ ಅಲ್ವೇನಮ್ಮಣ್ಣಿ?"

"ಅಂದೆ. ಬಾಯಿ ತಪ್ಪಿ ಅಂದೆ. ಕೋಪ ಬಂದುಬಿಟ್ಟಿತ್ತು."

"ನಿಂಗೆ ಕ್ವಾಪ ಬಂದ್ರೆ ನಮ್ಮ ಗಂಡಸ್ರಿಗೆ ಜೈಲಾ?"

ಅವಳು ಸುಲಿಯುವುದನ್ನು ನಿಲ್ಲಿಸಿ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. "ಈ ಕೈಯಾಗೆ ಎಷ್ಟು ಎತ್ತಿದ್ದೀನೋ ಅದು ಮರ್ತೋಗೈತೆ. ಎಷ್ಟು ಓದ್ವೋ ಅದು ಮಾತ್ರ ಮರ್ತಿಲ್ಲ ತಾಯಿ. ಒಂದೊಂದರ ಮಕಾನೂ ಕಣ್ಣಾಗೈತೆ. ನನ್ನ ಅರಿಶಿನ ಅವನ್ನ ಕೊಂತು ಅಂತ ನೀನು ಏಳ್ದಾಗ್ನಿಂದ ನಿದ್ದೆ ಬರಾಕಿಲ್ಲ." ನಗುವ ಮುದುಕಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೂ ತಡೆಯಲಾಗಲಿಲ್ಲ. ಇಬ್ಬರೂ ಅತ್ತೆವು.

ಅತ್ತು ಮುಗಿದ ಮೇಲೆ ಅವಳೇ ವ್ಯಾಪಾರಕ್ಕೆ ಇಳಿದಳು. "ಕಲ್ಲು ಕೊಡ್ತೀನಿ. ಆದ್ರೆ ಸುಮ್ಕೆ ಕೊಡಾಕಿಲ್ಲ. ನಿನ್ನ ಆ ಬುಕ್ಕು ಕೊಡು. ಯಾವಾಗ್ಲೂ ತೊಡೆ ಮ್ಯಾಲೆ ಇಟ್ಕಂಡು ಗೀಚ್ತೀಯಲ್ಲ, ಅದು. ಕಲ್ಲು ನಿನ್ನತ್ರ, ಬುಕ್ಕು ನನ್ನತ್ರ."

"ಅಜ್ಜಿ, ಅದು ಸರ್ಕಾರದ ರಿಜಿಸ್ಟರ್!"

"ಇದು ನಮ್ಮೂರ ಗಂಡಸ್ರ ಜೀವ."

ಕೊಟ್ಟೆ. ಇಲ್ಲಿಯವರೆಗೆ ಯಾರಿಗೂ ಹೇಳದ ಮಾತಿದು. ಅವಳು ರಿಜಿಸ್ಟರನ್ನು ಹಳೆಯ ಸೀರೆಯಲ್ಲಿ ಸುತ್ತಿ ಒಳಗೆ ಒಯ್ದಳು, ಕಲ್ಲನ್ನು ತಂದು ನನ್ನ ಚೀಲಕ್ಕೆ ಹಾಕಿದಳು.

ಕೋಣೆಗೆ ತಂದು ಬ್ರಷ್ಷಿನಿಂದ ಬಿರುಕು ಬಿರುಕನ್ನೂ ಉಜ್ಜಿದೆ. ಮೂರು ನೀರು ಕಪ್ಪಾಗಿ ಹೋಯಿತು. ಎರಡು ಪದರ ಬಟ್ಟೆಯಲ್ಲಿ ಸುತ್ತಿ, ಡ್ರಮ್ಮಿನ ತಳಕ್ಕಿಟ್ಟು, ಸುತ್ತ ಹತ್ತಿ ತುಂಬಿ, ಬಂಗಾರಪೇಟೆಯ ಬಸ್ಸು ಹತ್ತಿದೆ. ಎರಡನೇ ಸ್ಟಾಪಿನಲ್ಲಿ ಒಬ್ಬ ಪೊಲೀಸಿನವನು ಹತ್ತಿ ನನ್ನ ಪಕ್ಕದಲ್ಲೇ ಕೂತ. ಸೆಖೆಗೆ ಟೋಪಿ ತೆಗೆದು, "ಇಲ್ಲಿಡ್ಲಾ ಸಿಸ್ಟರ್?" ಎಂದು ಕೇಳಿ ನನ್ನ ತೊಡೆಯ ಮೇಲಿದ್ದ ಡ್ರಮ್ಮಿನ ಮೇಲೇ ಇಟ್ಟ. ಅವನು ಇಳಿಯುವವರೆಗೆ ಗೊರಕೆ ಹೊಡೆದ, ಪುಣ್ಯಾತ್ಮ.

ಆಟೋಕ್ಲೇವನ್ನು ನಾನೇ ಹತ್ತಿಸಿದೆ. ಆಯಾ ಡ್ರಮ್ಮು ಎತ್ತಲು ಬಂದವಳು "ಏನಮ್ಮಾ, ಇದ್ರೊಳಗೆ ರುಬ್ಬುಗುಂಡು ಇಟ್ಟಿದ್ದೀಯಾ?" ಎಂದಳು. "ಹೌದು, ಚಟ್ನಿ ಅರೀಬೇಕು" ಎಂದು ಗದರಿಸಿ ಅಟ್ಟಿದೆ. ಒಳಗಿನ ಗಾಳಿ ಪೂರ್ತಿ ಹೊರಗೆ ಹೋಗುವವರೆಗೆ ಕಾದು ಕವಾಟ ಮುಚ್ಚಿದೆ. ಮುಳ್ಳು ಹದಿನೈದು ಪೌಂಡಿಗೆ ಬಂತು. ಬಟ್ಟೆಗಾದರೆ ಅರ್ಧ ಗಂಟೆ ಸಾಕು. ಕಲ್ಲು ನಡುವಿನವರೆಗೆ ಕಾಯಬೇಕಲ್ಲ, ಒಂದು ಗಂಟೆ ಬಿಟ್ಟೆ. ಮನಸ್ಸು ಒಪ್ಪದೆ ಮಾರನೇ ದಿನ ಇನ್ನೊಮ್ಮೆ ಒಂದು ಗಂಟೆ ಇಟ್ಟೆ.

ಅಷ್ಟರಲ್ಲಿ ಡಾಕ್ಟರು ರಿಜಿಸ್ಟರ್ ಕೇಳಿದರು. ಹಳ್ಳಿಯಲ್ಲಿ ಮರೆತು ಬಂದೆ ಎಂದೆ. ಅವರು ಬೈದ ಬೈಗುಳವೆಲ್ಲ ಇಲ್ಲಿ ಬೇಡ. ಲಿಖಿತ ಎಚ್ಚರಿಕೆ ಬರೆದು ನನ್ನ ಸಹಿ ತೆಗೆದುಕೊಂಡರು. ಅವರ ಕಡೆಯಿಂದ ನೋಡಿದರೆ ತಪ್ಪೂ ಅಲ್ಲ.

ಆ ಬಸುರಿಗೆ ನೋವು ಶುರುವಾದದ್ದು ಒಂದು ಸೋಮವಾರ ಬೆಳಗಿನ ಜಾವ. ನಾನು ತಲುಪಿದಾಗ ಎಂಟು ಗಂಟೆ. ಗಂಡ ಮೊದಲ ಪಾಳಿಗೆ ಆಗಲೇ ಹೋಗಿ ಗಣಿಯೊಳಗೆ ಇಳಿದಿದ್ದ. ಡ್ರಮ್ಮನ್ನು ಗೋಡೆ ಬದಿಗಿಟ್ಟು, ನಾನು ಹೇಳುವವರೆಗೆ ಯಾರೂ ಮುಟ್ಟಕೂಡದು ಎಂದೆ. ಅತ್ತೆಗೆ ತಾಳ್ಮೆಯಿಲ್ಲ.

"ಅದ್ರೊಳಗೆ ಕಲ್ಲೈತೆ ಅಂತ ಏನ್ ಗ್ಯಾರಂಟಿ? ನೀನು ಎಲ್ಲೋ ಕೊಟ್ಬುಟ್ಟು ಬಂದಿದ್ರೆ? ತೆಗ್ದು ತೋರ್ಸು."

"ತೆಗೆದರೆ ಗಾಳಿ ಸೋಕುತ್ತೆ. ಮತ್ತೆ ಬಂಗಾರಪೇಟೆಗೆ ಹೋಗಬೇಕಾಗುತ್ತೆ. ಸೊಸೆಗೆ ಅಷ್ಟು ಹೊತ್ತು ತಡ್ಕೋ ಅಂತೀಯಾ?"

ಅವಳು ಬಗ್ಗಿ ಮುಚ್ಚಳಕ್ಕೆ ಕೈ ಹಾಕಿಯೇಬಿಟ್ಟಳು. ನಾನು ಕೈ ತೊಳೆದು ನಿಂತಿದ್ದೆ, ಏನನ್ನೂ ಮುಟ್ಟುವಂತಿರಲಿಲ್ಲ. ಆಗ ಮಂತ್ರಸಾನಿ ಆ ಕೈಗೆ ಪಟ್ಟನೆ ಹೊಡೆದಳು. "ಕೈ ತಗೀಲೇ! ಅವ್ಳ ಬುಕ್ಕು ನನ್ನತ್ರೈತೆ. ಅವ್ಳು ಎಲ್ಲಿಗೆ ಓಗ್ತಾಳೆ?"

ಆಮೇಲೆ ಮುದುಕಿಗೆ ಕೈ ತೊಳೆಸುವ ಸರದಿ. ಮೊಳಕೈವರೆಗೆ ಐದು ನಿಮಿಷ, ಉಗುರಿನ ಸಂದಿಯನ್ನೂ ಬಿಡದೆ. "ನನ್ ಕೈಯೇನು ಮಡಕೇನಾ, ಇಷ್ಟು ಉಜ್ಜಕ್ಕೆ?" ಎಂದು ಗೊಣಗಿದಳು. ಆದರೂ ಉಜ್ಜಿದಳು.

ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ತಲೆ ಕಾಣಿಸಿತು. ಬಳ್ಳಿ ಕುತ್ತಿಗೆಗೆ ಒಂದು ಸುತ್ತು ಸುತ್ತಿಕೊಂಡಿತ್ತು. ಬೆರಳು ತೂರಿಸಿ ತಲೆಯ ಮೇಲಿಂದ ಜಾರಿಸಿದೆ. ಹೆಣ್ಣುಮಗು. ಒಂದು ಗಳಿಗೆ ಸುಮ್ಮನಿತ್ತು. ಬಾಯಿಯ ಲೋಳೆ ತೆಗೆದು ಪಾದಕ್ಕೆ ತಟ್ಟಿದೆ, ಕೋಣೆ ಹಾರಿಹೋಗುವ ಹಾಗೆ ಅತ್ತಿತು. ಬಡಿತ ನಿಲ್ಲುವವರೆಗೆ ಕಾದು ಎರಡು ಕಡೆ ದಾರ ಕಟ್ಟಿದೆ. ಡ್ರಮ್ಮಿನ ಮುಚ್ಚಳ ತೆಗೆದೆ. ಮುದುಕಿ ತೊಳೆದ ಕೈಯಲ್ಲಿ ಬಟ್ಟೆಯ ಮಡಿಕೆ ಬಿಡಿಸಿ ಕಲ್ಲು ಎತ್ತಿಕೊಂಡಳು. ಬೆಳ್ಳಗೆ ಫಳಫಳ ಹೊಳೆಯಿತು. ಅದನ್ನು ಅಷ್ಟು ಚೊಕ್ಕವಾಗಿ ಅಲ್ಲಿ ಯಾರೂ ಕಂಡಿರಲಿಲ್ಲ. ಬಳ್ಳಿಯನ್ನು ಅದರ ಮೇಲಿಟ್ಟು ಹಿಡಿದಳು, ನಾನು ಕತ್ತರಿಸಿದೆ. ಹಾಗೆ ಮಲಗಿದ್ದ ಬಾಣಂತಿ ಕಣ್ಣು ಮುಚ್ಚಿಕೊಂಡು ಏನನ್ನೋ ಬೇಡಿಕೊಳ್ಳುತ್ತಿದ್ದಳು. ಎರಡು ಗಂಟೆಗೆ ಸೈರನ್ನು ಕೇಳಿಸಿದಾಗ ಅವಳ ಕಣ್ಣಲ್ಲಿ ನೀರು ಬಂತು. ಪಾಳಿ ಮುಗಿದಿತ್ತು, ಗಂಡ ಮೇಲೆ ಬರುವ ಹೊತ್ತು.

ಅರಿಶಿನಕ್ಕೆ ಮತ್ತೆ ಜಗಳ. ಹಚ್ಚದೆ ಬಿಡುವುದಿಲ್ಲ ಎಂದು ಮುದುಕಿ, ಹಚ್ಚಗೊಡುವುದಿಲ್ಲ ಎಂದು ನಾನು. ಕೊನೆಗೆ ನಾನು ಪಟ್ಟಿ ಸುತ್ತಿ ಮುಗಿಸಿದ ಮೇಲೆ ಹೊರಗಿನ ಬಟ್ಟೆಗೆ ಒಂದು ಬೊಟ್ಟು ಇಡಬಹುದು ಎಂದು ಒಪ್ಪಂದವಾಯಿತು. ಇಟ್ಟಳು, ರೂಪಾಯಿಯಗಲ.

ಇನ್ನು ಮುಗಿಯಿತು ಎಂದುಕೊಂಡರೆ, ಮೂರನೇ ದಿನ ಅತ್ತೆ ಮೊರದಲ್ಲಿ ಮಗು ಹಾಕಿಕೊಂಡು ತಿಪ್ಪೆಯ ಕಡೆ ಹೊರಟಿದ್ದಾಳೆ! ಎರಡು ಹೋದ ಮೇಲೆ ಹುಟ್ಟಿದ್ದನ್ನು ತಿಪ್ಪೆ ಮೇಲೆ ಮಲಗಿಸಿ, ಬೇರೆಯವರಿಗೆ ತವುಡು ಕೊಟ್ಟು ಅವರ ಕೈಯಿಂದ ಕೊಂಡುಕೊಳ್ಳಬೇಕಂತೆ, ಆಗ ಸಾವಿನ ಕಣ್ಣು ಅದರ ಮೇಲೆ ಬೀಳುವುದಿಲ್ಲವಂತೆ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟೆಲ್ಲ ಮಾಡಿ ಗೊಬ್ಬರದ ಗುಂಡಿಯಲ್ಲಿ ಮಲಗಿಸಬೇಕೇ? ತಿಪ್ಪೆಗೆ ಅಡ್ಡ ನಿಂತೆ. ಈ ಸಲ ಅರಚಲಿಲ್ಲ, ಅಷ್ಟಾದರೂ ಬುದ್ಧಿ ಬಂದಿತ್ತು.

"ತಿಪ್ಪೆ ಹೆಸರು ಇಟ್ಟರೆ ಸಾಕಲ್ವಾ? ತಿಪ್ಪಮ್ಮ ಅಂತ ಕರಿ. ಮಲಗಿಸೋದು ಬೇಡ."

ಅತ್ತೆ ಜೊತೆಗೆ ಬಂದಿದ್ದ ಮುದುಕಿಯ ಮುಖ ನೋಡಿದಳು. ಮುದುಕಿ ಮೊರದಿಂದ ಮಗುವನ್ನು ಎತ್ತಿಕೊಂಡು, "ಎಸ್ರಿನಾಗಿದ್ರೂ ತಿಪ್ಪೆ ತಿಪ್ಪೇನೇ" ಎಂದು ತೀರ್ಪು ಕೊಟ್ಟಳು.

ನಾಲ್ಕು, ಐದು, ಆರು. ದಿನವೂ ಹೋದೆ. ಏಳನೇ ದಿನ ಹೊಕ್ಕುಳಬಳ್ಳಿ ಒಣಗಿ ಬಿತ್ತು, ಕೆಳಗೆ ಚೊಕ್ಕವಾಗಿತ್ತು. ಎಂಟನೇ ದಿನ ಬಸ್ಸಿಳಿದು ನಡೆಯುತ್ತಿದ್ದರೆ ದಾರಿ ಸವೆಯಲೇ ಇಲ್ಲ. ಊರಿನ ಹೆಂಗಸರೆಲ್ಲ ಆ ಮನೆ ಮುಂದೆ ಮಾತಿಲ್ಲದೆ ಕೂತಿದ್ದರು. ಒಳಗೆ ಬಾಣಂತಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಗೊರಗಿದ್ದಳು.

"ಮೊಲೆ ಇಡಿತಿಲ್ಲ ನರ್ಸಮ್ಮ. ಬೆಳಿಗ್ಗೆಯಿಂದ ಬಾಯಿ ಬುಟ್ಟಿಲ್ಲ."

ಕೈ ತೊಳೆದುಕೊಂಡೆ. ಕಿರುಬೆರಳನ್ನು ಮಗುವಿನ ತುಟಿಗೆ ತಾಗಿಸಿದೆ. ತುಟಿ ಬಿಗಿದಿತ್ತು. ಮೆಲ್ಲಗೆ ಒತ್ತಿದೆ. ಬಾಯಿ ತೆರೆಯಿತು. ನನ್ನ ಬೆರಳನ್ನು ಒಳಗೆ ಎಳೆದುಕೊಂಡು ವಸಡಿನಲ್ಲಿ ಒತ್ತಿ ಹಿಡಿದು ಚೀಪತೊಡಗಿತು. ಮುಖದಲ್ಲಿ ಸೊಟ್ಟಿಲ್ಲ, ಮೈಯಲ್ಲಿ ಸೆಟೆತವಿಲ್ಲ. ಎಳೆದರೂ ಬೆರಳು ಬಿಡಲಿಲ್ಲ.

"ಬೆಳಿಗ್ಗೆ ಇದಕ್ಕೆ ಏನಾದರೂ ಕುಡಿಸಿದ್ರಾ?" ಎಂದೆ.

ಮೂಲೆಯಿಂದ ಅತ್ತೆ, "ಒಂದು ಒಳಲೆ ಜೇನುತುಪ್ಪ, ಒಂದೆರಡು ಒಳಲೆ ಅಸುವಿನ ಆಲು. ಎಂಟ್ನೇ ದಿನ ಅಲ್ವಾ, ಗಟ್ಟಿಯಾಗ್ಲಿ ಅಂತ" ಎಂದಳು.

ಹೊಟ್ಟೆ ತುಂಬಿ ನಿದ್ದೆ ಮಾಡುತ್ತಿತ್ತು, ಅಷ್ಟೇ! ಆ ಹೆಂಗಸಿಗೆ ಬೈದೆ ನೋಡಿ, ನನ್ನ ಸರ್ವಿಸಿನಲ್ಲಿ ಹಾಗೆ ಇನ್ನೊಮ್ಮೆ ಯಾರಿಗೂ ಬೈದಿಲ್ಲ. ಬೈಯುತ್ತ ಬೈಯುತ್ತಲೇ ಅಳು ಬಂತು. ಬಾಣಂತಿ ನನ್ನ ಮೊಣಕಾಲಿಗೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಮಗು ಬೆರಳು ಚೀಪುತ್ತಲೇ ಇತ್ತು.

ಹನ್ನೊಂದನೇ ದಿನ ಹೆಸರಿಟ್ಟರು. ಊಟದ ಎಲೆ ತೆಗೆದ ಮೇಲೆ ಮಂತ್ರಸಾನಿ ಹಳೆಯ ಸೀರೆಯ ಗಂಟು ತಂದು ನನ್ನ ಮುಂದಿಟ್ಟು ಬಿಚ್ಚಿದಳು. ನನ್ನ ರಿಜಿಸ್ಟರ್. ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು, ಪುಟಪುಟವೂ ಕೊಟ್ಟಿಗೆಯ ವಾಸನೆ ಹೊಡೆಯುತ್ತಿತ್ತು. ಕಲ್ಲಿದ್ದ ಗುಂಡಿಯಲ್ಲೇ ಇಟ್ಟಿದ್ದಳು ಅಂತ ಕಾಣುತ್ತದೆ.

"ಬರ್ಕಳಿ" ಎಂದಳು ಬಾಣಂತಿ. ಆ ಊರಿನಲ್ಲಿ ಆ ಪುಸ್ತಕಕ್ಕೆ ಹೆದರದೆ ಮಾತಾಡಿದ ಮೊದಲನೆಯವಳು ಅವಳು.

ಪುಟ ತೆಗೆದೆ. ಮುದುಕಿ ನನ್ನ ಭುಜದ ಮೇಲಿಂದ ಬಗ್ಗಿ, ಅಕ್ಷರ ಬಾರದ ಬೆರಳನ್ನು ಮೇಲಿನ ಸಾಲುಗಳ ಮೇಲಿಟ್ಟಳು. "ಇವು ಆ ಮೂರಾ?"

"ಹೌದಜ್ಜಿ."

"ಎಸ್ರು ಬರ್ದಿದ್ದೀಯಾ?"

"ಹೆಸರೆಲ್ಲಿ ಬಂತು, ಅಜ್ಜಿ. ಗಂಡು, ಹೆಣ್ಣು, ಗಂಡು ಅಂತಷ್ಟೇ ಇದೆ."

ಅವಳು ಬೆರಳು ತೆಗೆಯಲಿಲ್ಲ. ಆ ಸಾಲುಗಳ ಪಕ್ಕದಲ್ಲೇ ಷರಾ ಕಾಲಮ್ಮು. ಯಾವ ಮಗು ಯಾವ ದಿನ ಯಾತಕ್ಕೆ ಸತ್ತಿತೆಂದು ಬರೆಯುವ ಜಾಗ. ಡಾಕ್ಟರು ಅಷ್ಟು ಕೇಳಿದರೂ ನಾನು ಅಲ್ಲಿ ಏನೂ ಬರೆದಿರಲಿಲ್ಲ. ಈಗ ಎಲ್ಲ ಗೊತ್ತಿದ್ದೂ ಬರೆಯುವಂತಿರಲಿಲ್ಲ.

"ಇದ್ರದ್ದು ದೊಡ್ದಾಗಿ ಬರ್ಯಮ್ಮ" ಎಂದಳು ಮುದುಕಿ.

ಬರೆದೆ. ತಿಪ್ಪಮ್ಮ. ಹೆಸರಿನ ಕಾಲಮ್ಮಿನಿಂದ ಶುರುಮಾಡಿ, ಗೆರೆ ದಾಟಿಸಿ, ಷರಾ ಕಾಲಮ್ಮಿನ ಕೊನೆಯವರೆಗೂ. ಅಲ್ಲಿ ಇನ್ನು ಬೇರೇನನ್ನೂ ಬರೆಯಲು ಜಾಗವೇ ಇರಲಿಲ್ಲ.